ದಿಡ್ಡಿ ಬಾಗಿಲು

ಗ್ರಿಮ್ಸ್‌ಬಿಯಲ್ಲಿ ಒಗೆದು ಒಣಹಾಕಿದ ಬಟ್ಟೆಗೂ ಮೀನಿನ ವಾಸನೆ.
ಫ್ರೀಮನ್ ಬೀದಿಯ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ
ಪಕ್ಕದ ಮನೆಯ ಮೌರೀನ್ ಬೆರಳು ತೋರಿಸಿದ್ದು
ಎಲ್ಲಕ್ಕಿಂತ ದೊಡ್ಡದಕ್ಕೆ. ಹೊಟ್ಟೆಯೊಳಗೆ ಕೆಂಪು ದೀಪ,
ಪಡ್ಡೆ ಹುಡುಗರು ರಾತ್ರಿಯಿಡೀ ಗುಂಡು ಹಾರಿಸುವಂಥದು.

'ಅದರಲ್ಲಿ ಏನು ಮಾಡಬೇಕು, ಅದನ್ನು ಹೇಳಿ ಮೊದಲು.'
ಬೆರಳು ಮಡಿಸಿದರು:
ಕರೆಂಟು ಬಿಲ್ಲು. ಚರ್ಚಿನ ಹಾಡುಗಳ ಹಾಳೆ.
ಉಬ್ಬರ ಇಳಿತದ ಹೊತ್ತು.
ದೋಣಿ ಮಾರಿ ಹನ್ನೊಂದು ವರ್ಷ,
ಆದರೂ ಸಮುದ್ರ ಎಷ್ಟೊತ್ತಿಗೆ ಏರುತ್ತದೆಂದು ತಿಳಿಯದೆ
ಮಲಗಿ ಅಭ್ಯಾಸವಿಲ್ಲ ಅವರಿಗೆ.
ಇಷ್ಟಕ್ಕೆ ಬಿಳಿಯಾನೆ ಕಟ್ಟಬೇಕೆ?

ಬೆಂಡೆಕಾಯಿ ತುದಿ ಮುರಿದು ನೋಡಿ ಕೊಳ್ಳುವ ಕೈ ನನ್ನದು.
ಬೂದು ಲ್ಯಾಪ್‌ಟಾಪೊಂದನ್ನು ಮಗುಚಿದೆ, ಕೀಲು ಅಲುಗಿಸಿದೆ,
ಪ್ಲಗ್ ಕಿತ್ತು, ಎಷ್ಟು ಹೊತ್ತು ಉಸಿರು ಹಿಡಿದೀತೆಂದು
ಅಂಗಡಿಯವನ ಟೀ ಮುಗಿಯುವವರೆಗೆ ಕಾದೆ.
ಮೆಮೊರಿ ನಾಲ್ಕೋ ಎಂಟೋ?
ಇದಕ್ಕೆ ಅಪ್‌ಡೇಟ್ ಇನ್ನೆಷ್ಟು ವರ್ಷ ಬರುತ್ತದೆ?
ಅವನು ಕಿಟಕಿಯಾಚೆ ನೋಡಿದ.
ಇನ್ನೊಂದನ್ನು ತೆಗೆಸಿದೆವು. ನೂರಾ ನಲವತ್ತು ಪೌಂಡು,
ಮೂರು ತಿಂಗಳ ಗ್ಯಾರಂಟಿ,
ಬಾಯಿಮಾತಲ್ಲ, ರಸೀದಿಯಲ್ಲಿ ಬರೆಸಿ ಸಹಿ ಹಾಕಿಸಿ.

ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಕೂತಿತು
ಹೊಸ ಸೊಸೆಯ ಹಾಗೆ, ಯಾರ ಮುಖವನ್ನೂ ನೋಡದೆ.
ಅದರೊಳಗೆ ಇನ್ನೂ ಯಾರೋ ಕೀತ್ ಇದ್ದ,
ಅವನ ನಾಯಿ ಇತ್ತು, ಅರ್ಧ ಬರೆದ ರಾಜೀನಾಮೆ ಪತ್ರ ಇತ್ತು.
ಓದದೆ ಒರೆಸಿದೆ. ಬುಡದಿಂದ ಸಾರಿಸಿದೆ.
ಅಪ್‌ಡೇಟ್ ಎರಡು ಗಂಟೆ, ಒಂದು ಪೊಟ್ಟಣ ಬಿಸ್ಕತ್ತು ತಿಂದಿತು.

ಆಮೇಲೆ ಪಾಸ್‌ವರ್ಡ್.
'ನಿನ್ನ ಭಾಷೆಯದೊಂದು ಪದ ಕೊಡು ಜಲಜಾ,
ಈ ಊರಲ್ಲಿ ಯಾರಿಗೂ ಗೊತ್ತಿರುವುದಿಲ್ಲ.'
'ನನಗೆ ಗೊತ್ತಿರುತ್ತದಲ್ಲ!'
ಮೂರು ಪದ ಸಾಕು, ಮುನಿಸಿಕೊಂಡ ಓರಗಿತ್ತಿಯರ ಹಾಗೆ
ಒಂದರ ಮುಖ ಒಂದು ನೋಡದಂಥವು.
ಗಂಡನ ಹೆಸರು ಬೇಡ, ದೋಣಿಯದೂ ಬೇಡ,
ಎಂದು ಗೋಡೆಯ ಕಡೆ ತಿರುಗಿ ನಿಂತೆ.
ಒಂದೊಂದೇ ಅಕ್ಷರ ಒತ್ತುತ್ತ
ಬಾಯಲ್ಲೂ ಅಂದುಬಿಟ್ಟರು: ಹ್ಯಾಡಕ್.
ಮತ್ತೆ ಮೊದಲಿಂದ.

ಹೇಳಬೇಕಾದ್ದು ಇನ್ನೊಂದಿತ್ತು. ಬಾಯಿ ಬಾರದೆ ಕೆಟಲ್ ತುಂಬಿಸಿದೆ.
ಅವರೇ ಎತ್ತಿದರು ಮಾತು.
ಹೋದ ಚಳಿಗಾಲ ಒಂದು ಫೋನು:
ನಿಮ್ಮ ಕಂಪ್ಯೂಟರಿಗೆ ರೋಗ ತಗಲಿದೆ, ಹೇಳಿದ್ದನ್ನು ಒತ್ತಿ.
ಒತ್ತಿದರು. ಸಾವಿರದ ಎಂಟುನೂರು ಪೌಂಡು.
ಹಳೆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ
ಸುತ್ತಿಗೆಯಿಂದ ಹೊಡೆದರಂತೆ, ಅಳುತ್ತ.
ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು, ಅನ್ನುತ್ತಾರೆ ನಮ್ಮಲ್ಲಿ.
ಅಂದವರಿಗೆ ತಿಳಿಯದು, ಸೂರೆಗಾರ
ದಾರಿ ಗೊತ್ತಿರುವ ಕೋಟೆಗೇ ಮರಳುತ್ತಾನೆ.

'ಒಳ್ಳೆ ಮರ್ಯಾದಸ್ಥ ಹುಡುಗ,' ಎಂದರು,
ಕಪ್ಪಿನ ಕಿವಿ ಸವರುತ್ತ,
'ಮಾತು ಥೇಟ್ ನಿನ್ನ ಹಾಗೇ.'

ನನ್ನ ಟಕಾರ ಅಂಗುಳಿಗೆ ತಾಗುವ ಸದ್ದು
ಈ ಊರಿನ ಒಂಬತ್ತು ವರ್ಷದಲ್ಲಿ
ಮೊದಲ ಸಲ ನನಗೇ ಕೇಳಿಸಿತು.
'ಹಾಗಾದರೆ ನನ್ನ ದನಿಯನ್ನೂ ನಂಬಬೇಡಿ.
ಬ್ಯಾಂಕಿನವರಿರಲಿ, ಭಗವಂತನೇ ಇರಲಿ, ಫೋನು ಇಟ್ಟುಬಿಡಿ.
ನಾನಾದರೆ ಬಂದು ಬಾಗಿಲು ತಟ್ಟುತ್ತೇನೆ.'

ಮೊನ್ನೆ ಗುರುವಾರ ಔಷಧಿ ಅಂಗಡಿಯಿಂದ ಫೋನು ಮಾಡಿದೆ,
ಅವರ ಮಾತ್ರೆ ಬಂದಿತ್ತು.
'ಮೌರೀನ್, ನಾನು...'
ಕಟ್.
ಇನ್ನೊಮ್ಮೆ.
'ನೀನು ಯಾರ ಮಗಳಾದರೂ ಸರಿ!'
ಕಟ್.
ಕೌಂಟರಿನ ಹಿಂದೆ ಒಬ್ಬಳೇ ನಕ್ಕೆ. ನಗು ಪೂರ್ತಿ ಬರಲಿಲ್ಲ.

ಸಂಜೆ ಕೋಟು ಬಿಚ್ಚದೆ ಹೋಗಿ ಬಾಗಿಲು ತಟ್ಟಿದೆ.
ಸರಪಳಿಯ ಸಂದಿನಲ್ಲಿ ಒಂದು ಕಣ್ಣು.
'ಓ, ನೀನಾ! ಬಾ, ಬಾ,
ಏಳೂ ಇಪ್ಪತ್ತಕ್ಕೆ ಉಬ್ಬರ ಇವತ್ತು, ನಾನೇ ನೋಡಿದೆ.
ಮತ್ತೆ ಕೇಳು, ಮಧ್ಯಾಹ್ನ ಯಾವಳೋ ಒಬ್ಬಳು
ಎರಡು ಸಲ ಫೋನು ಮಾಡಿದ್ದಳು.'