ಕೂದಲ ಕಡೆ, ಮಾಂಸದ ಕಡೆ

ದಿವಾರ್ ದ್ವೀಪಕ್ಕೆ ಬೆಳಗಿನ ಫೆರಿ. ನನ್ನ ಮಡಿಲಲ್ಲಿ
ಲೂರ್ಡಿನಾ ಮೇಡಂ ಅವರ ಕ್ಯಾಮೆರಾ, ಎರಡು ದೀಪ, ಹತ್ತಿಯ ಸುರುಳಿ.
ಹೊರುವುದು ನನ್ನ ಕೆಲಸ. ಓದುವುದು ಅವರದು.

ಸೊಆರಿಸ್ ಮನೆತನದ ಕಪಾಟಿನಿಂದ ಹೊರಬಂದದ್ದು
ಅಂಗೈಯಗಲದ ಪುಸ್ತಕ, ಆರುನೂರು ವರ್ಷದ್ದಂತೆ.
ಜಾವಜಾವಕ್ಕೆ ಒಂದು ಪ್ರಾರ್ಥನೆ. ಯಾರೋ ಹೆಣ್ಣುಮಗಳು
ಸೊಂಟದ ಚೀಲದಲ್ಲಿಟ್ಟು ತಿರುಗುತ್ತಿದ್ದಳಂತೆ
ಫ್ಲಾಂಡರ್ಸ್ ಎಂಬ ಚಳಿಯ ಸೀಮೆಯಲ್ಲಿ.
ಹಡಗು ಹತ್ತಿದ್ದು ಯಾವಾಗ, ಯಾರಿಗೂ ಗೊತ್ತಿಲ್ಲ.

ನಾನು ಕೈಗವಸು ಹಾಕಿಕೊಳ್ಳುತ್ತಿದ್ದೆ.
"ಬೇಡ ಪರಸು," ಅಂದರು, "ಬಟ್ಟೆಗೆ ಕಿವಿಯಿಲ್ಲ.
ಕೈ ತೊಳೆದು ಬಾ. ಬರಿಗೈಯಲ್ಲಿ ಹಿಡಿ."

ಹಿಡಿದೆ.
ಕಾಗದವಲ್ಲ, ತೊಗಲು.
ಕರುವಿನದು, ಇನ್ನೂ ಹಾಲು ಬಿಡದ ಎಳೆಗರು.
ಸುಣ್ಣದ ಗುಂಡಿಯಲ್ಲಿ ನೆನೆದದ್ದು,
ತಂಗಡಿ ತೊಗಟೆಯ ನೀರು ಮಾತ್ರ ಕುಡಿಯದ್ದು,
ಚೌಕಟ್ಟಿಗೆ ಬಿಗಿಸಿಕೊಂಡು ಬಾಗಿದ ಚೂರಿಯಲ್ಲಿ ಹೆರೆಸಿಕೊಂಡದ್ದು.
ಒಂದು ಪುಟ ನಸುಹಳದಿ, ತುಸು ಒರಟು: ಕೂದಲ ಕಡೆ.
ತಿರುವಿದರೆ ಬಿಳಿ, ನುಣುಪು: ಮಾಂಸದ ಕಡೆ.
ಹೇಳಿದೆ. ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು.

ಅಥಣಿಯಲ್ಲಿ ಅಪ್ಪ ಕತ್ತಲಲ್ಲೇ ಹೇಳುತ್ತಿದ್ದ
ಎಮ್ಮೆ ಯಾವುದು, ಆಡು ಯಾವುದು, ಉಪವಾಸ ಸತ್ತದ್ದು ಯಾವುದು.
"ತೊಗಲ ಮಾತಾಡತೈತಿ ಮಗನ, ಬಟ್ಟಿಲೆ ಕೇಳು."
ಶ್ರಾವಣದಲ್ಲಿ ಮಠದೊಳಗೆ ಓಲೆಗರಿಯ ಪೂಜೆ;
ಅಪ್ಪ ಹೊರಗೆ, ಬಿಟ್ಟ ಕೆರಗಳ ಸಾಲಿನ ಪಕ್ಕ,
ತಾನು ಹೊಲಿದವು ಎಷ್ಟು ಎಂದು ಎಣಿಸುತ್ತ.
ಒಳಗಿನ ಪುಸ್ತಕ ಅವನಿಗೆ ಕೆಂಪು ವಸ್ತ್ರದ ಗಂಟು, ಅಷ್ಟೇ.

ಇಲ್ಲಿ ನೋಡಿದರೆ
ದೇವರ ತಾಯಿ ತೊಗಲಿನ ಮೇಲೇ ಕೂತಿದ್ದಾಳೆ.
ಅವಳ ಮೇಲುಹೊದಿಕೆಯ ನೀಲಿ ಕಲ್ಲು ಅರೆದ ನೀಲಿಯಂತೆ,
ಆಫ್ಘನ್ ಬೆಟ್ಟದಿಂದ ಕತ್ತೆಯ ಬೆನ್ನ ಮೇಲೆ ಹೋದದ್ದು.
ಸುಣ್ಣದ ಉಬ್ಬಿಗೆ ಉಸಿರು ಊದಿ,
ಆ ತೇವಕ್ಕೆ ಅಂಟಿಸಿದ ಬಂಗಾರದ ರೇಕು.
ಅಂಚಿನಲ್ಲಿ ಬಸವನಹುಳುವಿಗೆ ಕತ್ತಿ ಹಿರಿದ ಸರದಾರ,
ಪಾದ್ರಿಯ ಟೊಪ್ಪಿಗೆ ಹಾಕಿದ ಮಂಗ,
ಒಂದು ನೊಣ. ಈಗಷ್ಟೇ ಕೂತಂತಿತ್ತು;
ಓಡಿಸಲು ಕೈ ಎತ್ತಿಬಿಟ್ಟೆ.

ಒಬ್ಬ ಸಂತನಿಗೆ ಮುಖವೇ ಇಲ್ಲ.
ಮುತ್ತಿಟ್ಟು ಮುತ್ತಿಟ್ಟು ಅಳಿಸಿಹೋಗಿದೆಯಂತೆ.
ಭೂತಗನ್ನಡಿ ಹಿಡಿದರೆ, ಮುಖವಿದ್ದಲ್ಲಿ
ಸಾಸಿವೆಗಿಂತ ಸಣ್ಣ ಚುಕ್ಕೆಗಳು: ರೋಮದ ಬೇರು.
ಕೊನೆಕೊನೆಯ ಮುತ್ತುಗಳು ಬಿದ್ದದ್ದು ಕರುವಿಗೆ.

ನಲವತ್ತೊಂದನೆಯ ಹಾಳೆಯಲ್ಲಿ ಒಂದು ತೂತು.
ಬದುಕಿದ್ದಾಗ ಅಂಥದ್ದೇ ನೊಣ ಕಚ್ಚಿದ್ದೋ, ಆಮೇಲೆ ಚೂರಿ ಜಾರಿದ್ದೋ.
ಬರೆಯುವವನು ಹೊಂಡ ಬಳಸಿ ನಡೆವವನಂತೆ
ಅರ್ಧ ಶಬ್ದ ಈಚೆ, ಅರ್ಧ ಆಚೆ ಇಟ್ಟು ದಾಟಿದ್ದಾನೆ.
ಪಕ್ಕದಲ್ಲೊಂದು ಸೀಳು. ಅದಕ್ಕೆ ಏಳು ಹೊಲಿಗೆ,
ಮೊದಲನೆಯದು ಬಿಗಿ, ಕೊನೆಯದು ಎರಡು ಸುತ್ತು.

ಮೇಡಂ ಪಟ್ಟಿ ಮಾಡುತ್ತಿದ್ದರು.
ಚಿತ್ರ: ಬಹುಶಃ ಬ್ರೂಜ್ ಪಟ್ಟಣದವನು. ಅಕ್ಷರ: ಇಬ್ಬರ ಕೈ.
"ಹೊಲಿದವನು?" ಕೇಳಿದೆ.
"ಅದಕ್ಕೆ ಖಾನೆಯೇ ಇಲ್ಲ ಪರಸು."
"ಎಡಚ," ಅಂದೆ. "ದಾರ ಎಳೆದ ದಿಕ್ಕು ನೋಡಿ."
ಅವರು ಬಗ್ಗಿ ನೋಡಿದರು, ಬಹಳ ಹೊತ್ತು.
ಹಾಳೆಯ ಕೆಳಗೆ, ಗೆರೆಯ ಹೊರಗೆ, ಬರೆದುಕೊಂಡರು.

ಮೊದಲ ಹಾಳೆಗಳಲ್ಲಿ ಪಂಚಾಂಗ.
ದೊಡ್ಡ ಹಬ್ಬಕ್ಕೆ ಕೆಂಪು ಶಾಯಿ, ಉಳಿದ ಸಂತರಿಗೆ ಕಪ್ಪು.
ಅಪ್ಪ ಹೋದದ್ದು ಮಾರ್ಚ್ ಹದಿನಾಲ್ಕು.
ಮೇಲಿನಿಂದ ಸಾಲು ಎಣಿಸಿಕೊಂಡು ಬಂದೆ.
ಅಲ್ಲಿ ಯಾರೂ ಇಲ್ಲ. ಬರೀ ತೊಗಲು.

ಸಂಜೆ ಮಾಂಡವಿಯ ಉಪ್ಪುಗಾಳಿ ಕಿಟಕಿಗೆ ಬಂತು.
ಹಾಳೆಗಳು ಒಂದೊಂದಾಗಿ ಏಳತೊಡಗಿದವು,
ಬೆನ್ನಿದ್ದಲ್ಲಿ ಬೆನ್ನಾಗಲು, ಹೊಟ್ಟೆಯಿದ್ದಲ್ಲಿ ಹೊಟ್ಟೆಯಾಗಲು.
"ಮುಚ್ಚು, ಬೇಗ ಮುಚ್ಚು."
ಹಿತ್ತಾಳೆಯ ಎರಡು ಕೊಂಡಿ. ಚಂದಕ್ಕೆಂದುಕೊಂಡಿದ್ದೆ ಅಲ್ಲಿಯವರೆಗೆ.
ಅಂಗೈ ಊರಿ ಒತ್ತಿದೆ. ಅದು ಒಮ್ಮೆ ಒದೆಯಿತು,
ಆಮೇಲೆ ಸುಮ್ಮನಾಯಿತು.