ಕಿರುಗಾವಲಿನಲ್ಲಿ ಎಣಿಕೆ

ಆರು ಗಂಟೆಗೇ ಬಂದು ಕೂತಿದ್ದೇನೆ
ಇನ್ನೂ ತೆರೆಯದ ಬೀಡಾ ಅಂಗಡಿಯ ಮೆಟ್ಟಿಲ ಮೇಲೆ.
ಮಡಿಲಲ್ಲಿ ರಟ್ಟು, ರಟ್ಟಿನ ಮೇಲೆ ನಮೂನೆ ಮೂರು,
ಪಾಳಿಗೆ ನಾನೂರೈವತ್ತು, ಟೀ ನಮ್ಮದೇ.
ಎರಡು ಸಾವಿರದ ನಲವತ್ತೇಳರ ತನಕ
ಈ ಸೀಮೆಯ ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆಂದು
ಇವತ್ತು ನಾನು ಗೀಟು ಹಾಕಿ ಹೇಳಬೇಕು.

ನಾಲ್ಕು ನಿಂತ ಗೀಟು, ಐದನೆಯದು ಅಡ್ಡ.
ಸೌದೆ ಕಟ್ಟಿದ ಹಾಗೆ ಐದೈದರ ಹೊರೆ.

ಮೈಸೂರಲ್ಲಿ ತರಬೇತಿ ಕೊಟ್ಟ ಪದ್ಮರಾಜ
ಕಲಿಸಿದ ಮಗ್ಗಿ ಇಷ್ಟು: ಕಾರು ಒಂದು,
ಬಸ್ಸು ಮೂರು, ಸೈಕಲ್ಲು ಅರೆ,
ಎತ್ತಿನ ಗಾಡಿ ಎಂಟು.
ಎಂಟು ಕಾರಿನಷ್ಟು ರಸ್ತೆ ತಿನ್ನುತ್ತದಂತೆ
ಕಬ್ಬು ಹೇರಿಕೊಂಡ ಒಂದು ಜೊತೆ ಎತ್ತು.
ಹೇಳಿದರೆ ಗಾಡಿಯ ಮರಿಸಿದ್ದ
ಮೂಕಿಯ ಮೇಲೆ ಕೂತೇ ಮೀಸೆ ತಿರುವಿದ:
‘ಹಂಗಾರೆ ನಾನು ಎಂಟು ಕಾರಿನ ಸಾವ್ಕಾರ ಕಣವ್ವ!’

ನಡೆಯುವವರಿಗೆ ಕಲಮಿಲ್ಲ.

ಏಳೂಕಾಲಿಗೆ ಆಲೆಮನೆಗೆ ಹೊರಟ ಹೆಂಗಸರು,
ಹದಿನಾರು ಮಂದಿ, ಒಬ್ಬಳು ತುಂಬು ಬಸುರಿ,
ಬಿಳಿ ಪಟ್ಟೆಯಾಚೆ ಮಣ್ಣಿನಲ್ಲಿ ಸಾಲಾಗಿ.
‘ಏನ್ ಬರ್ಕತಿದ್ದೀಯವ್ವ?’
‘ಮುಂದಕ್ಕೆ ರಸ್ತೆ ಅಗಲ ಮಾಡ್ತಾರಂತೆ, ಅದಕ್ಕೆ.’
‘ಅಗಲ ಯಾಕವ್ವ? ನಾವು ಒಬ್ಬರ ಹಿಂದೊಬ್ರು ನಡಿಯೋರು.
ಏಳು ಗಂಟೆಗೊಂದು ಬಸ್ಸು ಬುಡಿ ಅಂತ ಬರ್ಕ.’

ಎಂಟಕ್ಕೆ ಅಂಗಡಿ ತೆರೆದ ಅಮೀರ್‌ಜಾನ್ ನಕ್ಕ:
‘ನೀನು ಕೂತಿರೋದು ಏನು ಗೊತ್ತಾ?’
ಎದ್ದು ನೋಡಿದೆ. ಮೆಟ್ಟಿಲಿನ ಬೆನ್ನಿಗೆ ಹಳದಿ ಬಣ್ಣ,
ಅರ್ಧ ಸವೆದ ಅಂಕಿ.
‘ನಮ್ಮಪ್ಪನ ಕಾಲದಲ್ಲಿ ರೈಲು ಬರುತ್ತೆ ಅಂತ ನೆಟ್ಟಿದ್ದು.
ವರ್ಷ ವರ್ಷ ಸಾವಿರ ರೂಪಾಯಿ ಇಡೋರಂತೆ ಬಜೆಟ್ಟಿನಲ್ಲಿ,
ಇನ್ನೂ ಸತ್ತಿಲ್ಲ ಅಂತ ತೋರ್ಸೋಕೆ.
ರೈಲು ಬರಲಿಲ್ಲ. ಕಲ್ಲು ಬಂತು.’
ಒಂದು ಎಲೆಗೆ ಸುಣ್ಣ ಸವರಿ ಕೊಟ್ಟ. ದುಡ್ಡು ಬೇಡವೆಂದ.

ಮತ್ತೆ ಅದೇ ಕಲ್ಲಿನ ಮೇಲೆ ಕೂತೆ. ತಣ್ಣಗಿತ್ತು.
ಟಿಪ್ಪರು, ಟಿಪ್ಪರು, ಸೈಕಲ್ಲು,
ಮದುವೆಗೆ ಹೊರಟ ಟೆಂಪೊ, ನಾಯಿ (ಬರೆಯಲಿಲ್ಲ),
ಸ್ಕೂಟರಿನ ಮೇಲೆ ನಾಲ್ವರು, ಲೆಕ್ಕಕ್ಕೆ ಒಂದೇ.

ಹಾಳೆಯ ಕೊನೆಗೆ ‘ಷರಾ’ ಅಂತ ಬೆರಳಗಲ ಜಾಗ.
ಎರಡಕ್ಕೆ ಪಾಳಿ ಮುಗಿಯುವ ಮುಂಚೆ
ಸಣ್ಣ ಅಕ್ಷರದಲ್ಲಿ ತುರುಕಿದೆ:
ಏಳೂಕಾಲು. ಹದಿನಾರು. ನಡೆದು.
ಬಸುರಿಯನ್ನು ಹೇಗೆ ಬರೆಯುವುದೆಂದು
ಪೆನ್ನು ಕಚ್ಚಿಕೊಂಡು ಯೋಚಿಸುತ್ತಿದ್ದಾಗ
ಬನ್ನೂರಿನ ಬಸ್ಸು ಬಂತು, ನಾನು ಮನೆಗೆ ಹೋಗಬೇಕಾದದ್ದು.
ಕೈ ಅಡ್ಡ ಹಿಡಿಯುವ ಬದಲು
ಅಡ್ಡ ಗೀಟು ಎಳೆದೆ.