ಇಪ್ಪತ್ತೆರಡು ಮುಂದೆ, ಇಪ್ಪತ್ತೈದು ಹಿಂದೆ

ಜನರನ್ನು ಮಲಗಿಸುವುದು ನನ್ನ ಕೆಲಸ.
ಅದಕ್ಕೇ ಇರಬೇಕು, ನಾಲ್ಕೂವರೆಗೇ ಎಚ್ಚರ.
ಲಿಫ್ಟಿನಲ್ಲಿ ಸೈಕಲ್ಲನ್ನು ಹಿಂಗಾಲ ಮೇಲೆ ನಿಲ್ಲಿಸಿ
ಐದು ಮಹಡಿ ಇಳಿಯುತ್ತೇನೆ,
ಕುದುರೆ ಕದ್ದೊಯ್ಯುವವಳ ಹಾಗೆ.

ರಾಸ್ತಾ ಪೇಠೆಯ ಇಲಾಹಿ ತಾಂಬೋಳಿ
ಮೊದಲ ದಿನವೇ ಟೈರನ್ನು ಹೆಬ್ಬೆರಳಲ್ಲಿ ಅದುಮಿ ಬೈದಿದ್ದ:
“ಡಾಕ್ಟರ್‌ಬಾಯಿ, ಇದೇನು ಚಕ್ರವೋ ಒರಳುಕಲ್ಲೋ?
ಗಾಳಿ ಬಿಡಿ. ಬಿಗಿದುಕೊಂಡಿದ್ದರೆ ಗುಡ್ಡದ ಮಾತು ಕೇಳಿಸುವುದಿಲ್ಲ.”
ಟ್ಯೂಬು ಕಿತ್ತು, ಹಾಲಿನಂಥ ಅಂಟು ಸುರಿದ.
ಜಾಲಿಮುಳ್ಳು ಚುಚ್ಚಿದರೆ ಅದು ತಾನೇ ಹೆಪ್ಪುಗಟ್ಟುತ್ತದಂತೆ.
ನನಗೇ ಹೇಳುತ್ತಿದ್ದಾನೆ, ಹೆಪ್ಪುಗಟ್ಟುವುದರ ಬಗ್ಗೆ!
ಇಪ್ಪತ್ತೆರಡು ಮುಂದೆ, ಇಪ್ಪತ್ತೈದು ಹಿಂದೆ.
ದಿನವಿಡೀ ಅಂಕಿ ಕಾಯುವವಳಿಗೆ
ಇನ್ನೆರಡು ಅಂಕಿ ಭಾರವೇ.

ಮಕರಂದ ಘಾಟ್‌ಪಾಂಡೆಯ ಸೈಕಲ್ಲಿಗೆ ಎರಡೂ ಕಡೆ ಸ್ಪ್ರಿಂಗು,
ಅವನ ಕಾರಿಗಿಂತ ಒಂದು ಕೈ ಮೇಲೆ ಅದರ ಬೆಲೆ.
ನನ್ನದಕ್ಕೆ ಮುಂದೆ ಮಾತ್ರ.
ಹಿಂದಿನಿಂದ ಬಂದದ್ದನ್ನು ಸೊಂಟವೇ ನುಂಗಿಕೊಳ್ಳಬೇಕು.

ವೇತಾಳ ಟೇಕಡಿಗೆ ವರ್ಷಕ್ಕೆ ಮೂರು ಚರ್ಮ.
ಜೂನಿನಲ್ಲಿ ಎರೆಮಣ್ಣು ಮೆತ್ತಿ, ಮೆತ್ತಿ,
ಫೋರ್ಕಿನ ಸಂದಿ ತುಂಬಿ, ಚಕ್ರ ನಿಂತು,
ಸೈಕಲ್ಲನ್ನು ನಾವು ಹೊತ್ತು ಇಳಿಯುತ್ತೇವೆ.
ಫೆಬ್ರವರಿಗೆ ಕರಿಬಂಡೆಯ ಮೇಲೆ ಒಣ ಗರಸು,
ನೆಲಗಡಪದ ಮೇಲೆ ಚೆಲ್ಲಿದ ಜೋಳ.
ನಡುವೆ, ಗಣಪತಿ ಮುಳುಗಿದ ಮೇಲೆ, ದೀಪಾವಳಿಗೆ ಮುಂಚೆ,
ಹದಿನೈದು ದಿನ, ಹೆಚ್ಚೆಂದರೆ ಇಪ್ಪತ್ತು,
ಮಣ್ಣು ಟೈರನ್ನು ಹಿಡಿದು ಬಿಡುತ್ತದೆ, ಹಿಡಿದು ಬಿಡುತ್ತದೆ.
ಆಗ ರಜೆ ಕೇಳಿದರೆ ಯಾರೂ ಕೊಡುವುದಿಲ್ಲ.

ಕಲ್ಲುಗಣಿಯ ಹಿಂದೆ ಮೂರು ಮೆಟ್ಟಿಲಾಗಿ ಮುರಿದ ಬಂಡೆ.
ಸವಾರರು ಇಟ್ಟ ಹೆಸರು ಸಾಸೂಬಾಯಿ, ಅತ್ತೆಮ್ಮ.
ಹೋದ ವರ್ಷ ಇಲ್ಲೇ ಹೆದರಿ ಮುಂದಿನ ಬ್ರೇಕು ಅಮುಕಿದೆ.
ಸೈಕಲ್ಲು ನಿಂತಿತು. ನಾನು ನಿಲ್ಲಲಿಲ್ಲ.
ಕೊರಳೆಲುಬು ಎರಡು ತುಂಡು.
ನಮ್ಮದೇ ಆಸ್ಪತ್ರೆ, ನಮ್ಮದೇ ಮೇಜು, ಮೇಲೆ ಝರೀನಳ ಮುಖ:
“ಹತ್ತರಿಂದ ಹಿಂದಕ್ಕೆ ಎಣಿಸು.”
ನಾನು ಸಾವಿರ ಜನಕ್ಕೆ ಹೇಳಿದ ಮಾತು.
ಇಪ್ಪತ್ತು ವರ್ಷ ಮರಾಠಿಯಲ್ಲಿ ಲೆಕ್ಕ ಮಾಡಿದ ನಾಲಿಗೆ
ಅವತ್ತು ಕನ್ನಡದಲ್ಲಿ ಎಣಿಸಿತಂತೆ.
ಏಳರ ತನಕ ನನಗೆ ನೆನಪಿದೆ.
ಆರನ್ನು ಹೇಳಿದೆನೋ ಇಲ್ಲವೋ, ಅವಳಿಗೂ ಗೊತ್ತಿಲ್ಲ.

ಇವತ್ತು ಮತ್ತೆ ಅದೇ ಬಂಡೆಯ ತುದಿ.
ಗಿರಿಪುಷ್ಪದ ಎಲೆಯಿಂದ ತೊಟ್ಟಿಕ್ಕುವ ಇಬ್ಬನಿ.
ಎಲ್ಲೋ ನವಿಲು, ಬಾಗಿಲು ಕಿರುಗುಟ್ಟಿದ ಹಾಗೆ.
ಹೆಬ್ಬೆರಳಲ್ಲಿ ಗುಂಡಿ ಒತ್ತಿದೆ. ಸೀಟು ಉಸಿರು ಬಿಟ್ಟು ಕುಸಿಯಿತು.
(ಹಾಕಿಸಿ ಮೂರು ವಾರ. ಗಂಡನಿಗೆ ಅರ್ಧ ಬೆಲೆ ಹೇಳಿದ್ದೇನೆ.)
ಕೆಳಗೆ ಕೋಲೂರಿ ನಿಂತ ಮುದುಕರೊಬ್ಬರು,
ಕ್ಯಾನ್ವಾಸ್ ಬೂಟು, ಮಂಕಿ ಟೋಪಿ:
“ನೀವು ಇಳಿಯುತ್ತೀರೋ, ನಾನು ಹತ್ತಲೋ?”
“ನೀವೇ ಹತ್ತಿ, ಕಾಕಾ.”
ಒಂದೊಂದು ಮೆಟ್ಟಿಲಿಗೂ ನಿಂತು, ಕೆಮ್ಮಿ, ಹತ್ತಿದರು.
ಹತ್ತಿರ ಬಂದು, ಗುಟ್ಟಿನಂತೆ:
“ಎಡಗಡೆಯದು ಅಲ್ಲಾಡುತ್ತದೆ. ಬಲಕ್ಕಿರಿ.”
ಎರಡು ವರ್ಷದಿಂದ ಎಡಕ್ಕೇ ಗುರಿಯಿಟ್ಟಿದ್ದೆ.

ಕಾಲಿಗೆ ಬುದ್ಧಿ ಹೇಳುವ ಜಾಗವಲ್ಲ ಇದು.
ಕೈಗೆ ಹೇಳಬೇಕು: ಒಂದೇ ಬೆರಳು, ಅದೂ ಹಗುರ.
ಸೊಂಟ ಹಿಂದಕ್ಕೆ, ಹಿಮ್ಮಡಿ ಕೆಳಕ್ಕೆ,
ಕಣ್ಣು ಕಲ್ಲಿನ ಮೇಲಲ್ಲ, ಕಲ್ಲಿನಾಚೆಯ ಮಣ್ಣಿನ ಮೇಲೆ.
ಹತ್ತು, ಒಂಬತ್ತು, ಎಂಟು,
ಏಳು,

ಒಂಬತ್ತಕ್ಕೆ ಮೊದಲ ಕೇಸು, ಪಿತ್ತಕೋಶ.
ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು
ಕಾಲುಚೀಲದಿಂದ ಕರಡದ ಮುಳ್ಳು ಕೀಳುತ್ತಿದ್ದೆ.
ಸಿಸ್ಟರ್ ಅನಸ್ತಾಸಿಯಾ ನೋಡಿ ನಿಂತಳು:
“ಮತ್ತೆ ಬಿದ್ದಿರಾ?”
“ಇಲ್ಲ,” ಎಂದೆ. ಇನ್ನೂ ಹತ್ತು ಹದಿನೈದು ಮುಳ್ಳು ಉಳಿದಿದ್ದವು.
ಒಂದೊಂದೇ ಕಿತ್ತು ಅಂಗೈಯಲ್ಲಿಟ್ಟುಕೊಂಡೆ.